ಹವಾಲ್ದಾರ್ರ ಪೀಪಿ

ಮೇ 29, 1972, ಸೋಮವಾರ

ಇವರು ಬಂದರು. ಈ ಸಲ ರಜೆಗಲ್ಲ, ಪೂರ್ತಿಯಾಗಿ.

ಜಟಕಾದಿಂದ ಇಳಿಯುವಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಕಂಬಳಿ ಸುತ್ತಿದ ಏನೋ ಒಂದು, ಎದೆಗವಚಿಕೊಂಡಿದ್ದರು. ಜಗಲಿ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ ನಮ್ಮಪ್ಪಾ, ಯಾವ ಸೀಮೆಯಾಗೋ ಹುಟ್ಟಿಸಿ ಎತ್ಕಂಡು ಬಂದವ್ನಲ್ಲೇ!" ಅಂತ ಬಾಯಿ ಬಡಿದುಕೊಂಡರು. ಮರುಗಳಿಗೆಯೇ ದನಿ ತಗ್ಗಿಸಿ, "ಆಗಿದ್ದು ಆತು ಬಿಡಪ್ಪ, ನಾ ಸಾಕ್ತೀನಿ. ಗಂಡೋ, ಹೆಣ್ಣೋ?" ಅಂದರು.

ನಮಗೆ ಮಕ್ಕಳಿಲ್ಲ. ಬೈಯಬೇಕು ಅಂತ ಬಾಯಿ ತೆರೆದವಳು ಬೈಯಲೇ ಇಲ್ಲ, ಕೈ ಚಾಚಿಬಿಟ್ಟಿದ್ದೆ. ಥೂ, ನನ್ನ ಬುದ್ಧಿಗಿಷ್ಟು.

ಕಂಬಳಿ ಬಿಚ್ಚಿದರೆ ಚೌಕಳಿ ಬಟ್ಟೆ ಹೊದಿಸಿದ ತೊಗಲಿನ ಚೀಲ. ಅದರಿಂದ ಕರೀ ಕೊಳವೆಗಳು ಆಕಾಶ ನೋಡುತ್ತಿವೆ.

"ಬ್ಯಾಗ್‌ಪೈಪ್ ಅವ್ವ. ದಂಡಿನ ಬ್ಯಾಂಡಿನಾಗೆ ನಾನು ಊದ್ತಿದ್ದುದು ಇದೇಯ."

"ಕಾಲು ಮೇಲಕ್ಕೆ ಮಾಡಿ ಸತ್ತ ಕುರಿ ಇದ್ದಂಗೈತೆ" ಅಂದರು ಅತ್ತೆ, ಹತಾಶೆಯಿಂದ.

ನಾನು ಪಾಠ ಹೇಳುವ ಬಾಲವಾಡಿಯಲ್ಲಿ, ನಲ್ಲಿ ಹತ್ತಿರ, ಎಲ್ಲಾ ಕಡೆ ನನ್ನ ಗಂಡ ಬಂದೂಕು ಹಿಡೀತಾರೆ ಅಂತ ಹೇಳಿಕೊಂಡು ಬಂದವಳು ನಾನು. ನಾಳೆಯಿಂದ ಏನು ಹೇಳಲಿ?

ಮೇ 30, ಮಂಗಳವಾರ

ಕೋಳಿ ಕೂಗೋ ಮೊದಲೇ ಇವರು ಕೂಗಿಸಿದರು. ಮೊದಲು ಎಮ್ಮೆ ನರಳಿದ ಹಾಗೆ ಒಂದು ಸದ್ದು, ಆಮೇಲೆ ಆ ಎಮ್ಮೆಯನ್ನು ಯಾರೋ ಚುಚ್ಚಿದ ಹಾಗೆ ಇನ್ನೊಂದು. ಹಿತ್ತಲಿಗೆ ಓಡಿದೆ. ಇವರು ಕೆನ್ನೆ ಊದಿಸಿಕೊಂಡು, ಚೀಲ ಕಂಕುಳಲ್ಲಿ ಅದುಮಿಕೊಂಡು, ಬಚ್ಚಲಿಂದ ಹುಣಸೆಮರದ ತನಕ ಹೋಗ್ತಾರೆ, ಗಿರ್ರನೆ ತಿರುಗಿ ಬರ್ತಾರೆ.

ವೇದಾವತಿ ಹೊಳೆ ಕಡೆಗೆ ಹೊರಟಿದ್ದ ಕುರಿ ಹಿಂಡು ನಮ್ಮ ಬಾಗಿಲಲ್ಲೇ ನಿಂತುಬಿಟ್ಟಿತು. ಕುರಿ ಕಾಯುವ ರಂಗಯ್ಯ ಬೇಲಿ ಮೇಲಿಂದ ಕತ್ತು ಚಾಚಿದ.

"ಯಕ್ಕಾ, ಯಾವ ಕುರಿ ಕುಯ್ತಾ ಅದೀರಿ? ನಮ್ಮವು ಅಳ್ತಾ ಅವೆ."

ದಂಡಿನಲ್ಲಿ ಎಲ್ಲರೂ ಇದಕ್ಕೇ ಏಳೋದಂತೆ. ಇದು ದಂಡಲ್ಲ, ಹಿರಿಯೂರು ಅಂತ ಹೇಳಿದೆ. ಕೇಳಿಸಲಿಲ್ಲ. ಊದ್ತಾ ಇದ್ದರು.

ಜೂನ್ 5, ಸೋಮವಾರ

ಅಡುಗೆಮನೆ ಈಗ ಹವಾಲ್ದಾರ್ರ ವಶದಲ್ಲಿದೆ. ಕೊಡ, ಬಿಂದಿಗೆ, ಚೊಂಬು, ಲೋಟ ಎತ್ತರದ ಪ್ರಕಾರ ಸಾಲಾಗಿ ನಿಂತಿವೆ. ಬೆಳಿಗ್ಗೆ ಕೈ ಹಿಂದೆ ಕಟ್ಟಿಕೊಂಡು ಬಂದು ಒಂದೊಂದನ್ನೇ ನೋಡುತ್ತಾರೆ. ಓರೆ ನಿಂತ ಚೊಂಬಿಗೆ ಬೈಗುಳ. ಅತ್ತೆ ಎಲೆಅಡಿಕೆ ಸಂಚಿ ತಪಾಸಣೆಗೆ ತಾವಾಗೇ ಬಿಚ್ಚಿ ತೋರಿಸುತ್ತಾರೆ, ಅವರಿಗೆ ಇದೆಲ್ಲ ಬಲು ಖುಷಿ.

ನಾನು ಕೊಡ ಹೊತ್ತು ಬರುವಾಗ ಬೆನ್ನ ಹಿಂದೆ "ಎಡಾ... ಎಡಾ... ಎಡ, ಬಲ, ಎಡ" ಅಂತ ಶುರು. ಬೇಕಂತಲೇ ಹೆಜ್ಜೆ ತಪ್ಪಿಸಿ ನಡೆದೆ. ಅರ್ಧ ಕೊಡ ನೀರು ಸೀರೆ ಮೇಲೆ ಚೆಲ್ಲಿತು. ಚೆಲ್ಲಲಿ. ಸೋಲಲಿಲ್ಲವಲ್ಲ.

ಜೂನ್ 11, ಭಾನುವಾರ

ಇವತ್ತು ನಮ್ಮ ಬೀದಿಯಲ್ಲಿ ಒಂದು ಮದುವೆ ದಿಬ್ಬಣ ಹೋಯಿತು. ಮುಂದೆ ಓಲಗದ ಸಣ್ಣಪ್ಪ, ಪಕ್ಕದಲ್ಲಿ ಡೋಲು ಹಾಕಿಕೊಂಡ ಅವನ ಅಳಿಯ. ಇವರು ಸುಮ್ಮನೆ ಒಳಗಿರಬೇಕೋ ಬೇಡವೋ? ಬಾಗಿಲಿಗೆ ಬಂದು, "ಇದೇನಯ್ಯ ನಡಿಗೆ, ಹೆಂಡ ಕುಡಿದ ಎಮ್ಮೆ ಥರ! ಹೆಜ್ಜೆ ಕೂಡಿಸ್ರಿ!" ಅಂದರು.

ಸಣ್ಣಪ್ಪ ಓಲಗ ಬಾಯಿಂದ ತೆಗೆದ. ಅವನ ಬಾಯಿ ಓಲಗಕ್ಕಿಂತ ದೊಡ್ಡದು.

"ಹವಾಲ್ದಾರ್ರೇ, ನೀವು ಸಾಯಾಕೆ ಹೋಗೋರ ಮುಂದೆ ಊದೋರು. ನಾವು ಸಂಸಾರ ಮಾಡಾಕೆ ಹೋಗೋರ ಮುಂದೆ ಊದೋರು. ನಡಿಗೆ ಹೆಂಗೆ ಒಂದಾಗ್ತೈತೆ?"

ದಿಬ್ಬಣವೆಲ್ಲ ನಕ್ಕಿತು. ನಾನೂ ಸೆರಗು ಬಾಯಿಗಿಟ್ಟುಕೊಂಡೆ.

ಸಂಜೆ ನಲ್ಲಿ ಹತ್ತಿರ ಎದುರುಮನೆ ಕಾಳಕ್ಕ ಸಿಕ್ಕಳು. "ದುರುಗಕ್ಕ, ಲಡಾಯಿನಾಗೆ ನಿಮ್ಮ ಯಜಮಾನ್ರು ಊದಿದ ಕೂಡ್ಲೆ ಶತ್ರುಗಳು ಕಿವಿ ಮುಚ್ಕಂಡು ಓಡೋದ್ರಂತೆ, ಹೌದಾ?" ಎಲ್ಲರ ಜೊತೆ ನಾನೂ ನಕ್ಕೆ. ಕೊಡ ಹೊತ್ತು ಮನೆಗೆ ಬರುವಷ್ಟರಲ್ಲಿ ಆ ನಗು ಹುಳಿಯಾಗಿತ್ತು.

ಜೂನ್ 21, ಬುಧವಾರ

ಮಾಡಿಬಿಟ್ಟೆ!

ಆ ಕುರಿಯ ಜೀವ ಎಲ್ಲಿದೆ ಅಂತ ಇವರೇ ಮೊನ್ನೆ ತೋರಿಸಿದ್ದರು. ಬೆರಳಾಡಿಸುವ ಕೊಳವೆಯ ನೆತ್ತಿಯಲ್ಲಿ, ಚೀಲದೊಳಗೆ ಮುಚ್ಚಿಹೋಗುವ ಕಡೆ, ಹುಲ್ಲುಕಡ್ಡಿಯ ಎರಡು ಸೀಳು ಸೇರಿಸಿ ದಾರ ಸುತ್ತಿದ ಪುಟ್ಟ ಪೀಪಿ. ಕಿರುಬೆರಳಿನ ಅರ್ಧವೂ ಇಲ್ಲ. "ಇದಿಲ್ಲದಿದ್ರೆ ಇದು ಬರೀ ಚೀಲ ಕಣೇ" ಅಂದಿದ್ದರು. ಹೇಳಬಾರದಿತ್ತು.

ಇವರು ಸ್ನಾನಕ್ಕೆ ಹೋದಾಗ ಕೊಳವೆ ಎಳೆದು ಪೀಪಿ ಕಿತ್ತು ರಾಗಿ ಗಡಿಗೆಯಲ್ಲಿ ಹೂತಿಟ್ಟೆ. ಬಾಲವಾಡಿಯಲ್ಲಿ ಮಕ್ಕಳಿಗೆ ಕದಿಯಬಾರದು ಅಂತ ಹೇಳಿಕೊಡುವ ದಿನವೇ ಇವತ್ತು.

ಜೂನ್ 23, ಶುಕ್ರವಾರ

ಬಿಸಿಲು ಮುಖಕ್ಕೆ ಬಿದ್ದ ಮೇಲೆ ಎದ್ದೆ. ಆಹಾ.

ಇವರು ಟ್ರಂಕು, ಹಾಸಿಗೆ, ಬೂಟು ಎಲ್ಲ ತಡಕಾಡಿದರು. ನಾನೂ ಜೊತೆಗೆ ನಿಂತು ಬಹಳ ಕಾಳಜಿಯಿಂದ ಹುಡುಕಿದೆ.

ಜುಲೈ 3, ಸೋಮವಾರ

ಕೆಟ್ಟೆ.

ನಾನು ಬಾಲವಾಡಿಯಲ್ಲಿದ್ದಾಗ ಅತ್ತೆ ಗಡಿಗೆ ಬರಿದು ಮಾಡಿ ರಾಗಿಯನ್ನು ಉಸ್ಮಾನ್ ಸಾಬರ ಹಿಟ್ಟಿನ ಮಿಲ್ಲಿಗೆ ಕಳಿಸಿದ್ದಾರೆ. ಕೇರಿದಿರಾ ಅಂದರೆ, "ಕಣ್ಣು ಕಾಣಾಕಿಲ್ಲ, ಏನು ಕೇರ್ಲಿ?" ಅಂದರು. ಚಪ್ಪಲಿ ಮೆಟ್ಟದೆ ಓಡಿದೆ. ಉಸ್ಮಾನ್ ಸಾಬರು ಹುಬ್ಬಿನ ತನಕ ಹಿಟ್ಟಾಗಿ ನಿಂತಿದ್ದರು.

"ಕಲ್ಲಿಗೆ ಏನಾದ್ರೂ ಸಿಕ್ಕಾಕ್ಕಂತಾ ಸಾಬ್ರೇ?"

"ಏನಮ್ಮಾ, ಬಂಗಾರ ಕಳ್ಕಂಡ್ರಾ?"

"ಬಂಗಾರ ಅಲ್ಲ. ಕಡ್ಡಿ."

"ಕಡ್ಡಿಗೆ ಯಾರಾದ್ರೂ ಇಂಗೆ ಓಡಿ ಬರ್ತಾರಾ? ಕುಂತ್ಕಳ್ರಿ, ನೀರು ಕುಡೀರಿ."

ಮಧ್ಯಾಹ್ನ ಮುದ್ದೆ ಬಡಿಸಿ ಇಬ್ಬರ ಬಾಯಿಯನ್ನೂ ನೋಡುತ್ತಾ ಕೂತೆ. ಅತ್ತೆಗೆ ಹಲ್ಲೇ ಇಲ್ಲ, ನುಂಗಿದರು. ಇವರು ಒಂದು ಸಲ ತಡೆದು, ನಾಲಿಗೆಯಲ್ಲಿ ಏನನ್ನೋ ಹೊರಳಿಸಿ, ಅವರೂ ನುಂಗಿದರು.

ಜುಲೈ 7, ಶುಕ್ರವಾರ

ಚೊಂಬು ಓರೆ ನಿಂತಿತ್ತು. ಇವರು ನೋಡಿದರು, ಸುಮ್ಮನೆ ಹೋದರು. ನಾನೇ ಇನ್ನಷ್ಟು ಓರೆ ಮಾಡಿ ಇಟ್ಟೆ. ಅದೇ ಚೊಂಬಿನಲ್ಲಿ ನೀರು ಕುಡಿದು, ಓರೆಯಾಗೇ ಇಟ್ಟು ಹೋದರು.

ಊಟ ಮಾಡ್ತಾರೆ, ಕಟ್ಟೆ ಮೇಲೆ ಕೂರ್ತಾರೆ, ಬೆರಳು ಮಾತ್ರ ಮೊಣಕಾಲ ಮೇಲೆ ತಾವಾಗೇ ಆಡ್ತಿರುತ್ತವೆ. ಕುರಿ ರಂಗಯ್ಯ ಬೆಳಿಗ್ಗೆ ನಿಂತು, "ಯಾಕ್ರಿ ಊದ್ತಿಲ್ಲ? ಕುರಿ ನಿಮ್ಮ ಬಾಗ್ಲಾಗೆ ನಿಂತು ಕಾಯ್ತಾವೆ" ಅಂದ. ಇವರು ಎದ್ದು ಒಳಗೆ ಹೋದರು.

ಜುಲೈ 12, ಬುಧವಾರ

ತಾಲ್ಲೂಕು ಕಚೇರಿಯ ಪೇದೆ ಮುರುಗೇಶಪ್ಪ ಬಂದಿದ್ದ. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆಯಿತಲ್ಲ, ಈ ಆಗಸ್ಟ್ ಹದಿನೈದಕ್ಕೆ ಪೇಟೆ ಬೀದಿಯಲ್ಲಿ ದೊಡ್ಡ ಮೆರವಣಿಗೆಯಂತೆ. ಚಿತ್ರದುರ್ಗದ ಪೊಲೀಸ್ ಬ್ಯಾಂಡು ಜಿಲ್ಲಾ ಮೈದಾನ ಬಿಟ್ಟು ಬರುವುದಿಲ್ಲ. ಹಾಗಾಗಿ ಹವಾಲ್ದಾರ್ ಓಬಯ್ಯನವರೇ ಮುಂದೆ ನಿಂತು ಊದಬೇಕು ಅಂತ ತಹಸೀಲ್ದಾರರ ಕೋರಿಕೆ. ಇವರು ಎದ್ದು ನೆಟ್ಟಗೆ ನಿಂತು "ಆಗ್ಲಿ" ಅಂದರು. ಪೇದೆ ಹೋದ ಮೇಲೆ ಪೀಪಿ ಇಲ್ಲದ ಚೀಲ ತೊಡೆ ಮೇಲಿಟ್ಟುಕೊಂಡು ಕೂತರು.

ನನಗೆ ಒಳಗೇ ಉರಿ. ತಪ್ಪು ಮಾಡಿದವಳಿಗೆ ಬರುವ ಸಿಟ್ಟು ಹಾಳು ಸಿಟ್ಟು, ಇವರ ಮೇಲೇ ಹಾರಿತು. "ಹೋಗ್ಲಿ ಬಿಡ್ರಿ. ಊದಿ ಊದಿ ಏನು ಕಡಿದು ಗುಡ್ಡೆ ಹಾಕಿದ್ರಿ? ಲಡಾಯಿನಾಗೆ ಬೇರೇರು ಗುಂಡು ಹಾರಿಸಿದ್ರು, ನೀವು ಅಲ್ಲೂ ಇದನ್ನೇ ಊದ್ತಿದ್ರಾ?"

ಇವರು ಸಿಟ್ಟಾಗಲಿಲ್ಲ. ಅಲಸಂದೆಕಾಯಿ ಬಿಡಿಸುತ್ತಿದ್ದ ಮೊರ ನನ್ನ ಕೈಯಿಂದ ಎಳೆದುಕೊಂಡು, ತಾವೇ ಬಿಡಿಸುತ್ತಾ ಹೇಳಿದರು.

"ಲಡಾಯಿ ಶುರುವಾದ್ರೆ ವಾದ್ಯ ಎಲ್ಲ ಉಗ್ರಾಣಕ್ಕೆ ಹಾಕಿ ಬೀಗ ಜಡೀತಾರೆ ಕಣೇ. ಬ್ಯಾಂಡಿನೋರ ಕೈಗೆ ಡೋಲಿ ಕೊಡ್ತಾರೆ. ಬಿದ್ದೋರ್ನ ಹೊತ್ತು ತರೋದು ನಮ್ಮ ಕೆಲ್ಸ. ಬ್ಯಾಂಡಿನಾಗೆ ಹೆಜ್ಜೆ ಕೂಡಿಸು ಅಂತ ವರ್ಷಗಟ್ಲೆ ತಿದ್ದಿರ್ತಾರೆ. ಡೋಲಿ ಹೊರೋವಾಗ ಮಾತ್ರ ಹೆಜ್ಜೆ ತಪ್ಪಿಸಿ ನಡೀಬೇಕು. ಇಬ್ರೂ ಒಂದೇ ಹೆಜ್ಜೆ ಇಟ್ರೆ ಮಲಗಿದೋನು ತೊಟ್ಟಿಲಿನಂಗೆ ತೂಗಾಡಿ ನೋವಿಗೆ ಕಿರುಚ್ತಾನೆ. ಹೋದ ಡಿಸೆಂಬರ್ ಲಡಾಯಿನಾಗೆ ಹಗಲೆಲ್ಲ ಅಂಗೇ ನಡೆದ್ವಿ. ದಂಡಿನಾಗೆ ಸತ್ತೋರ್ಗೆ ಊದೋ ಒಂದು ಧಾಟಿ ಐತೆ, ನಿಧಾನದ್ದು. ನಾನು ಹೊತ್ತೋರಾಗೆ ಉಳೀದೇ ಇದ್ದೋರ್ಗೆ ಯಾರೂ ಊದ್ಲಿಲ್ಲ. ಪೈಪು ಬೀಗದಾಗಿತ್ತಲ್ಲ."

ಅಷ್ಟು ಹೇಳಿ, "ಈ ಕಾಯೆಲ್ಲ ಹುಳ" ಅಂದರು.

ಅಡುಗೆಮನೆಗೆ ಹೋಗಿ ಚೊಂಬು ನೆಟ್ಟಗೆ ನಿಲ್ಲಿಸಿದೆ. ಲೋಟಗಳನ್ನೂ.

ಜುಲೈ 20, ಗುರುವಾರ

ತರಕಾರಿ ತರ್ತೀನಿ ಅಂತ ಹೇಳಿ, ಬೆರಳಾಡಿಸುವ ಕೊಳವೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸಣ್ಣಪ್ಪನ ಮನೆಗೆ ಹೋದೆ. ಊರಲ್ಲಿ ಪೀಪಿ ಕೆತ್ತುವವನು ಅವನೊಬ್ಬನೇ.

"ಏನು ಟೀಚರಮ್ಮ, ಹವಾಲ್ದಾರ್ರ ಕುರಿ ಕಾಲು ಮುರೀತಾ?"

"ಪೀಪಿ ಇಲಿ ತಿಂದೈತೆ."

"ಎರಡು ಕಾಲಿನ ಇಲಿಯೋ, ನಾಕು ಕಾಲಿಂದೋ?" ಪಾಪಿ, ನನ್ನ ಮುಖ ನೋಡಿಯೇ ಓದಿಬಿಟ್ಟ.

"ನನ್ನಂಥ ಪೀಪಿ ಮಾಡೋನು ಹೊಳಲ್ಕೆರೆ, ಹೊಸದುರ್ಗದ ಕಡೆಗೂ ಇಲ್ಲ" ಅಂತ ಕೊಚ್ಚಿಕೊಂಡು ಕೆತ್ತಲು ಕೂತ. ಮೊದಲನೆಯದು ಕರುವಿನ ಹಾಗೆ ಕೂಗಿತು. ಎರಡನೆಯದು ಉಸಿರೇ ಎತ್ತಲಿಲ್ಲ. ಮೂರನೆಯದು ಕೂಗಿದ್ದಕ್ಕೆ ಅವನ ಮೊಮ್ಮಗಳು ಅತ್ತಳು. "ಈ ಕೊಳವೆ ಸರಿ ಇಲ್ಲ" ಅಂದ. "ನಿನ್ನ ಕೈ ಸರಿ ಇಲ್ಲ" ಅಂದೆ. ಅವಮಾನವಾಗಿ ಮತ್ತೆ ಕೂತ. ಮುಂದಿನದರಲ್ಲಿ ದನಿ ಬಂತು, ಆದರೆ ದಂಡಿನ ದನಿಯಲ್ಲ. ಓಲಗದ ಹಾಗೆ ತುಸು ಕೊಂಕು, ತುಸು ಕಣ್ಣೀರು.

ಕೊಡುವ ಮೊದಲು ಪೀಪಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ದುಡ್ಡು ಬ್ಯಾಡ. ಹದಿನೈದನೇ ತಾರೀಕು ನನ್ನ ಅಳಿಯ ಡೋಲು ಹಾಕ್ಕಂಡು ಹವಾಲ್ದಾರ್ರ ಪಕ್ಕದಾಗೆ ನಡೀಬೇಕು. ಎಮ್ಮೆ ಅಂದ್ರಲ್ಲ, ಆ ಎಮ್ಮೆನೇ."

ಆಗಲಿ ಅಂದೆ. ಹೇಗೆ ಅಂತ ಗೊತ್ತಿಲ್ಲ. ತರಕಾರಿ ತರೋದು ಮರೆತು ಹೋಯಿತು.

ಜುಲೈ 22, ಶನಿವಾರ

ಟ್ರಂಕಿನ ಕೆಳಗೆ ಪೊರಕೆ ಆಡಿಸುತ್ತಾ "ಅಯ್ಯೋ, ಇಲ್ಲೇ ಬಿದ್ದೈತಲ್ರಿ!" ಅಂತ ಕೂಗಿದೆ. ಬಾಲವಾಡಿಯ ನಾಟಕದಲ್ಲೂ ಅಷ್ಟು ಚೆನ್ನಾಗಿ ಮಾಡಿಲ್ಲ.

ಇವರು ಪೀಪಿಯನ್ನು ಅಂಗೈಲಿಟ್ಟುಕೊಂಡು ನೋಡಿದರು. ಬೆಳಕಿಗೆ ಹಿಡಿದರು. ದಾರದ ಬಣ್ಣ ನೋಡಿದರು. ದಾರದ ಬಣ್ಣ! ಆ ಮುಠ್ಠಾಳ ಸಣ್ಣಪ್ಪ ಅರಿಶಿನದ ದಾರ ಸುತ್ತಿದ್ದಾನೆ, ಅದು ಆಗ ನನ್ನ ಕಣ್ಣಿಗೆ ಬಿತ್ತು. ನಾನು ಗೋಡೆ ಗುಡಿಸಲು ಶುರು ಮಾಡಿದೆ.

"ಹ್ಞೂಂ" ಅಂದು ಬಾಯಿಗಿಟ್ಟು ನೆನೆಸಿಕೊಂಡರು. ಅಷ್ಟೇ.

ಆಗಸ್ಟ್ 3, ಗುರುವಾರ

ಡೋಲಿನ ಕೆಲಸ ಆಯಿತು. ದಂಡಿನವರಿಗೆ ವಿಜ್ಞಾಪನೆ ಮಾಡಬಾರದು, ಆರ್ಡರ್ ತೋರಿಸಬೇಕು. "ಪೇದೆ ಸಿಕ್ಕಿದ್ದ. ಪಕ್ಕದಾಗೆ ಸಣ್ಣಪ್ಪನ ಅಳಿಯನ ಡೋಲು ಇರ್ಬೇಕು ಅಂತ ಮೇಲಿಂದ ಆರ್ಡರ್ ಆಗೈತಂತೆ" ಅಂದೆ. ಮುಖ ಹುಳ್ಳಗೆ ಮಾಡಿ, "ಮೇಲಿಂದ ಅಂದ್ಮೇಲೆ ಮುಗೀತು" ಅಂದರು.

ಆಮೇಲೆ ಪೇದೆ ಮುರುಗೇಶಪ್ಪನನ್ನು ಹಿಡಿದು, "ಪಕ್ಕದಾಗೆ ಆ ಡೋಲೇ ಬೇಕು ಅಂತ ಹವಾಲ್ದಾರ್ರ ಹಟ" ಅಂದೆ. "ದೊಡ್ಡೋರು ಕೇಳಿದ್ಮೇಲೆ ಕೊಡಲೇಬೇಕು" ಅಂದ.

ಸಂಜೆ ಹೊಳೆ ದಂಡೆ ಮೇಲೆ ಇವರ ತಾಲೀಮು. ಡೋಲಿನವನ ಹೆಜ್ಜೆ ಕೂಡಿತು, ಸೊಂಟ ಕೂಡಲಿಲ್ಲ. "ಸೊಂಟ ನಿಲ್ಸೋ!" ಅಂತ ಇವರು ಕೂಗಿದರೆ, "ಸೊಂಟ ನಿಂತ್ರೆ ಕೈಯೂ ನಿಲ್ತೈತೆ ಸಾರ್" ಅಂತಾನೆ. ನಾನು ಸೌದೆ ಆರಿಸುವ ನೆಪದಲ್ಲಿ ಪೂರ್ತಿ ನೋಡಿದೆ.

ಆಗಸ್ಟ್ 15, ಮಂಗಳವಾರ

ಬಂದವಳೇ ಸೀರೆಯನ್ನೂ ಬದಲಿಸದೆ ಬರೆಯಲು ಕೂತೆ, ಅಕ್ಷರ ಕೆಟ್ಟರೆ ಕೆಡಲಿ.

ಇವರು ಇಸ್ತ್ರಿ ಹಾಕಿದ ಅಂಗಿ, ಎದೆ ಮೇಲೆ ಪದಕ. ಪೀಪಿ ಎಲ್ಲಿ ಕೈಕೊಡುತ್ತೋ ಅಂತ ಬೆಳಿಗ್ಗೆಯೇ ಎರಡು ಸಲ ದೇವರಿಗೆ ದೀಪ ಹಚ್ಚಿದ್ದೆ. ಬಾಲವಾಡಿಯ ಚಿಳ್ಳೆಪಿಳ್ಳೆಗಳ ಕೈಗೆ ಕಾಗದದ ಬಾವುಟ ಕೊಟ್ಟು ಬೀದಿ ಬದಿಯಲ್ಲಿ ನಿಲ್ಲಿಸಿಕೊಂಡಿದ್ದೆ. ಮುಂದೆ ಇವರು, ಪಕ್ಕದಲ್ಲಿ ಡೋಲು, ಹಿಂದೆ ತಹಸೀಲ್ದಾರರು, ಹೋಮ್‌ಗಾರ್ಡು, ಶಾಲೆಯ ಸಾಲು.

ಚೀಲಕ್ಕೆ ಗುದ್ದಿದರು. ಮೂರು ಕೊಳವೆ ಗುಂಯ್ ಅಂದವು. ಪೀಪಿ ಎತ್ತಿಕೊಂಡಿತು.

ಧಾಟಿ ದಂಡಿನದು, ದನಿ ಓಲಗದ್ದು. ಅದೆಂಥದೋ! ಒಲೆ ಮುಂದಿದ್ದವರು, ಮಗು ಆಡಿಸುತ್ತಿದ್ದವರು ಎಲ್ಲ ಬಾಗಿಲಿಗೆ ಬಂದರು. ಓಲಗದ ದನಿ ಕಿವಿಗೆ ಬಿದ್ದರೆ ನಮ್ಮ ಹೆಂಗಸರ ಕೈ ಸುಮ್ಮನಿರುತ್ತಾ? ನಮ್ಮತ್ತೆ ಬರಗೇರಮ್ಮ ಎಲ್ಲಿಂದಲೋ ತಟ್ಟೆ ತುಂಬ ಅರಿಶಿನದಕ್ಕಿ ಹಿಡಿದು ಜನರನ್ನು ತಳ್ಳಿಕೊಂಡು ಬಂದು, "ನನ್ನ ಮಗ ಕಣ್ರೇ!" ಅಂತ ಎರಚಿದರು. ಕಣ್ಣು ಮಂಜಲ್ಲವಾ, ಅರ್ಧ ಇವರ ಮೇಲೆ, ಅರ್ಧ ತಹಸೀಲ್ದಾರರ ಮೇಲೆ. ಅದನ್ನು ನೋಡಿ ಬೀದಿಯ ಉಳಿದ ಹೆಂಗಸರೂ ಒಳಗೆ ಓಡಿ ಅಕ್ಕಿ ತಂದರು. ತಹಸೀಲ್ದಾರರು ಕಾಲರಿನಿಂದ ಅಕ್ಕಿ ಕೊಡವಿಕೊಳ್ಳುತ್ತಾ ಮದುಮಗನ ಹಾಗೆ ತಲೆ ತಗ್ಗಿಸಿ ನಡೆದರು. ಹೋಮ್‌ಗಾರ್ಡಿನವನೊಬ್ಬ ಬಾಯಿ ತೆರೆದು ನಗಲು ಹೋಗಿ ಕೆಮ್ಮಿದ. ಸಣ್ಣಪ್ಪ ಅಂಗಡಿ ಕಟ್ಟೆ ಮೇಲೆ ನಿಂತು, "ನನ್ನ ಪೀಪಿ! ನನ್ನ ಪೀಪಿ!" ಅಂತ ಎದೆ ತಟ್ಟಿಕೊಳ್ಳುತ್ತಿದ್ದ. ಸದ್ಯ, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೈದಾನದಲ್ಲಿ ಬಾವುಟ ಏರಿತು, ಭಾಷಣ ಆಯಿತು. ಇನ್ನೇನು ಮಿಠಾಯಿ ಹಂಚಬೇಕು, ಇವರು ಯಾರನ್ನೂ ಕೇಳದೆ ಮುಂದೆ ಬಂದು ನಿಂತು ಮತ್ತೆ ಊದಲು ಶುರು ಮಾಡಿದರು. ನಿಧಾನದ ಧಾಟಿ. ಇದು ಯಾವುದು ಅಂತ ಆ ಮೈದಾನದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಡೋಲಿನವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಕೋಲು ಕೆಳಗಿಟ್ಟು, ಅಂಗೈಯಲ್ಲಿ ಮೆಲ್ಲಗೆ ತಟ್ಟಿದ. ಸೊಂಟ ಅಲ್ಲಾಡಲಿಲ್ಲ. ಮಿಠಾಯಿಗೆ ಕಾದಿದ್ದ ಮಕ್ಕಳು ಕಾಗದದ ಬಾವುಟ ಕೆಳಗಿಳಿಸಿದರು.

ಪಕ್ಕದಲ್ಲಿದ್ದ ಕಾಳಕ್ಕ, "ಇದೇನು ದುರುಗಕ್ಕ, ಹೊಟ್ಟೆಯಾಗೆ ಕೈ ಹಾಕಿದಂಗಾಗ್ತೈತೆ" ಅಂದಳು. ಹೇಳಿದೆ. ಡೋಲಿ ಹೊತ್ತಿದ್ದು, ಬೀಗ ಹಾಕಿದ್ದು, ಎಲ್ಲಾ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಕಣ್ಣಿಗೂ ಅಕ್ಕಿ ಧೂಳು ಬಿದ್ದಿತ್ತು.

ಆಗಸ್ಟ್ 16, ಬುಧವಾರ

ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಇವರು ಕೇಳಿದರು. "ಹಳೇ ಪೀಪಿ ಏನಾತೇ?"

ಸುಳ್ಳು ಹೇಳೋಣ ಅಂತ ಇಲಿಯಿಂದ ಶುರು ಮಾಡಿದೆ. ಅರ್ಧಕ್ಕೆ ಬೇಸರವಾಯಿತು.

"ನೀವೇ ತಿಂದ್ರಿ."

"ಏನು?"

"ಮುದ್ದೆಯಾಗೆ. ಅತ್ತೆಗೂ ಚೂರು ಪಾಲು ಹೋಗಿರ್ಬೌದು."

ರಾಗಿ ಗಡಿಗೆಯಿಂದ ಮಿಲ್ಲಿನ ತನಕ ಎಲ್ಲ ಹೇಳಿದೆ. ಮೇಲಿನ ಆರ್ಡರಿನ ಕತೆಯನ್ನೂ. ಇವರು ಲೋಟ ಕೆಳಗಿಟ್ಟರು. ಈಗ ಗುಡುಗುತ್ತಾರೆ ಅಂತ ಕಣ್ಣು ಮುಚ್ಚಿಕೊಂಡೆ. ನಗು ಕೇಳಿಸಿತು. ಈ ಮನುಷ್ಯ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಇದೇ ಮೊದಲು. ಗೋಡೆ ಹಿಡಿದು ನಕ್ಕರು, ಕೂತು ನಕ್ಕರು. ಅತ್ತೆ ಏನೂ ತಿಳಿಯದೆ ಜೊತೆಗೆ ನಕ್ಕರು.

"ಅರಿಶಿನದ ದಾರ ನೋಡಿದಾಗ್ಲೇ ಗೊತ್ತಾತು. ಆದ್ರೆ ತಿಂದಿದ್ದು ಗೊತ್ತಾಗ್ಲಿಲ್ಲ!"

ಸಂಜೆ ಸಣ್ಣಪ್ಪನ ಮನೆಗೆ ಚಹಾ ಕುಡಿಯೋಕೆ ಹೋದರು. ಕರೆದಿದ್ದು ಅವನೋ, ಇವರೇ ಹೋಗಿದ್ದೋ ಕೇಳಲಿಲ್ಲ.

ಆಗಸ್ಟ್ 27, ಭಾನುವಾರ, ಚಿಕ್ಕಜಾಜೂರು

ರೈಲ್ವೆ ಜಂಕ್ಷನ್ ಪಕ್ಕದ ಒಂದು ಮದುವೆಮನೆಯ ಉಗ್ರಾಣದಲ್ಲಿ, ತೆಂಗಿನಕಾಯಿ ರಾಶಿಗೆ ಒರಗಿ ಕೂತು, ಕಾಯಿ ಲೆಕ್ಕದ ಚೀಟಿಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ. ಇಲ್ಲಿನವರು ಹದಿನೈದನೇ ತಾರೀಕಿನ ಸುದ್ದಿ ಕೇಳಿ, ಸಣ್ಣಪ್ಪನ ಓಲಗದ ಜೊತೆ "ಆ ಮಿಲಿಟ್ರಿ ಕುರಿನೂ" ಬರಲೇಬೇಕು ಅಂತ ಹಟ ಹಿಡಿದಿದ್ದರು. ಇವರು "ದಂಡಿನ ವಾದ್ಯ ಮದುವೇಗಾ?" ಅಂದರು, ಅಂದ ಬಾಯಲ್ಲೇ ಬೂಟಿಗೆ ಪಾಲಿಶ್ ಹಚ್ಚಿದರು.

ಬೆಳಿಗ್ಗೆ ಇವರನ್ನು ಬಸ್ ಹತ್ತಿಸಿ ಬರೋಣ ಅಂತ ಸ್ಟ್ಯಾಂಡಿಗೆ ಹೋಗಿದ್ದೆ. ಮದುವೆಯಾದಾಗಿನಿಂದ ನನ್ನ ಕೆಲಸ ಅದೇ ತಾನೆ: ಟ್ರಂಕು ಮೇಲೆ ಹಾಕಿಸೋದು, ಕಿಟಕಿ ಹತ್ತಿರ ನಿಲ್ಲೋದು, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮನೆಗೆ ಬಂದು ಮುಸುರೆ ತೊಳೆಯೋದು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ನೋಡಿದರೆ ನಾನು ಬಸ್ಸಿನ ಒಳಗಿದ್ದೆ.

"ಎಲ್ಲಿಗೇ?" ಅಂದರು ಇವರು.

"ಪೀಪಿ ಜೋಪಾನ ಮಾಡಾಕೆ ಯಾರಾದ್ರೂ ಬೇಕಲ್ರಿ" ಅಂದೆ.

ಸಣ್ಣಪ್ಪ ಆ ಕಡೆ ಮುಖ ತಿರುಗಿಸಿಕೊಂಡು ಭುಜ ಕುಲುಕಿಸಿ ನಕ್ಕ. ಇವರು ಸರಿದು ಜಾಗ ಬಿಟ್ಟರು, ಕಿಟಕಿ ಕಡೆ.

ಉಟ್ಟ ಸೀರೆಯಲ್ಲೇ ಬಂದಿದ್ದೇನೆ. ಮುದ್ದೆಗೆ ಇಟ್ಟ ಎಸರು ಒಲೆ ಮೇಲೇ ಇತ್ತು. ಅತ್ತೆ ಇಳಿಸಿರುತ್ತಾರೆ.